ಮೊದಲೇ ಬೀಳಬೇಕಾದ ಹನಿ

ಇಂದು ನಾನು ಹೇಳಹೊರಟಿರುವುದು ಒಂದು ಹನಿಯ ಇತಿಹಾಸ. ಕಣ್ಣಿಗೂ ಮೂಗಿಗೂ ಹಾಕಿಕೊಳ್ಳುವ, ಹೆಬ್ಬೆರಳಿನಷ್ಟು ಸೀಸೆಯಲ್ಲಿ ಸಿಗುವ, ನೋಡಲು ನೀರಿನಂತೆಯೇ ಇರುವ ಒಂದು ಮದ್ದಿನ ಹನಿ. ಅರಸರ, ಯುದ್ಧಗಳ, ಶಾಸನಗಳ ಇತಿಹಾಸ ಕೇಳಿ ರೂಢಿಯಾದ ಕಿವಿಗೆ ಇದು ತೀರ ಅಲ್ಪವಾದ ವಸ್ತುವೆಂದು ತೋರಬಹುದು. ಆದರೆ ಈ ಹನಿಗೆ ಒಂದು ವಿಚಿತ್ರವಾದ ಗುಣವಿದೆ. ಕಣ್ಣು ಕೆಂಪೇರಿ ನೀರು ಸುರಿಯತೊಡಗಿದ ಮೇಲೆ, ಒಂದರ ಹಿಂದೊಂದು ಸೀನು ಹೊರಟ ಮೇಲೆ ಇದನ್ನು ಹಾಕಿಕೊಂಡರೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಬಾಧೆ ಬರುವ ಮೊದಲೇ ಹಾಕಿಕೊಂಡಿದ್ದರೆ ಬಾಧೆ ಬರುವುದಿಲ್ಲ, ಇಲ್ಲವೇ ಬಹುಮಟ್ಟಿಗೆ ಕುಗ್ಗುತ್ತದೆ. ಅಂದರೆ ಮದ್ದು ಕೆಲಸ ಮಾಡಿತೆಂಬುದಕ್ಕೆ ಇರುವ ಸಾಕ್ಷ್ಯ ಒಂದೇ: ಏನೂ ಆಗದಿರುವುದು. ಏನೂ ಆಗದಿರುವುದನ್ನು ಕಂಡುಹಿಡಿಯುವುದು ಹೇಗೆ? ಇದಕ್ಕೆ ಉತ್ತರ ದೊರೆಯಲು ಸುಮಾರು ನೂರೈವತ್ತು ವರ್ಷ ಹಿಡಿಯಿತು. ಅದನ್ನು ಅರಸಿ ಹೊರಟವರಲ್ಲಿ ಮುಖ್ಯರಾದವರು ಸ್ವತಃ ಆ ವ್ಯಾಧಿಯನ್ನು ಅನುಭವಿಸಿದವರು.

1819ರ ಮಾರ್ಚ್ 16ರಂದು ಲಂಡನ್ನಿನ ವೈದ್ಯರ ಸಂಘವೊಂದರ ಮುಂದೆ ಜಾನ್ ಬಾಸ್ಟಾಕ್ ಎಂಬ ವೈದ್ಯ ಒಂದು ಪ್ರಬಂಧವನ್ನು ಓದಿದ. ಅದರಲ್ಲಿ ಬರುವ ರೋಗಿಯ ಹೆಸರಿಗೆ ಬದಲಾಗಿ ಎರಡೇ ಅಕ್ಷರಗಳಿದ್ದವು: ಜೆ. ಬಿ. ವಯಸ್ಸು 46. ಎಂಟನೆಯ ವರ್ಷದಿಂದ, ಪ್ರತಿ ವರ್ಷವೂ ಜೂನ್ ತಿಂಗಳ ಸುಮಾರಿಗೆ ಈ ರೋಗಿಯ ಕಣ್ಣುಗಳು ಉರಿಯತೊಡಗುತ್ತವೆ, ರೆಪ್ಪೆಗಳು ಊದಿಕೊಳ್ಳುತ್ತವೆ, ಸೀನು ಬಿಡದೆ ಬರುತ್ತದೆ, ಎದೆ ಬಿಗಿಯುತ್ತದೆ. ಬೇಸಗೆ ಕಳೆದೊಡನೆ ಎಲ್ಲವೂ ತಾನಾಗಿ ಮಾಯವಾಗುತ್ತದೆ. ಜೆ. ಬಿ. ಎಂದರೆ ಜಾನ್ ಬಾಸ್ಟಾಕ್‌ನೇ ಎಂದು ಸಭೆಯಲ್ಲಿ ಕುಳಿತವರಿಗೆ ಹೇಳಬೇಕಾಗಿರಲಿಲ್ಲ. ರಕ್ತ ತೆಗೆಸಿಕೊಳ್ಳುವುದರಿಂದ ಹಿಡಿದು ಅಫೀಮು, ಪಾದರಸ, ತಣ್ಣೀರ ಸ್ನಾನದವರೆಗೆ ಆ ಕಾಲಕ್ಕೆ ತಿಳಿದಿದ್ದ ಉಪಚಾರಗಳನ್ನೆಲ್ಲ ಆತ ತನ್ನ ಮೇಲೆ ಮಾಡಿ ನೋಡಿದ್ದ. ಯಾವುದೂ ನಾಟಲಿಲ್ಲ. ಕಡೆಗೆ ರಾಮ್ಸ್‌ಗೇಟಿನ ಕಡಲ ದಂಡೆಯ ಮೇಲೆ ಮನೆ ಹಿಡಿದು ಬೇಸಗೆಗಳನ್ನು ಅಲ್ಲಿ ಕಳೆದಾಗ ಸ್ವಲ್ಪ ಸುಖ ಕಂಡಿತು. ಕಡಲ ಮೇಲಿಂದ ಬೀಸುವ ಗಾಳಿಯಲ್ಲಿ ಪರಾಗವಿರುವುದಿಲ್ಲವೆಂಬ ಕಾರಣ ಮಾತ್ರ ಆತನಿಗೆ ಹೊಳೆಯಲಿಲ್ಲ. ಜನ ಆಗಲೇ ಇದನ್ನು ‘ಹುಲ್ಲುಜ್ವರ’ ಎನ್ನತೊಡಗಿದ್ದರೂ ಬಾಸ್ಟಾಕ್ ಒಪ್ಪದೆ, ಬಿಸಿಲೇ ಇದಕ್ಕೆ ಮೂಲವೆಂದು ಕಡೆಯವರೆಗೂ ನಂಬಿದ್ದ. ಮುಂದಿನ ಒಂಬತ್ತು ವರ್ಷ ಇಂಥ ರೋಗಿಗಳಿಗಾಗಿ ಹುಡುಕಿ, 1828ರಲ್ಲಿ ಪ್ರಕಟಿಸಿದ ಎರಡನೆಯ ಪ್ರಬಂಧದಲ್ಲಿ ಆತ ವರದಿ ಮಾಡಿದ್ದು ಕೇವಲ 28 ಮಂದಿಯನ್ನು. ಬಡವರಲ್ಲಿ ಒಬ್ಬನನ್ನೂ ಕಾಣೆನೆಂದು ಬರೆದ. ಇಂದು ಊರಿಗೊಂದು ಅಲರ್ಜಿ ಚಿಕಿತ್ಸಾಲಯವನ್ನು ಕಾಣುವ ನಮಗೆ ಆ 28 ಎಂಬ ಅಂಕಿಯೇ ಒಂದು ಸೋಜಿಗ.

ಬಾಸ್ಟಾಕ್ ಕಾಣದುದನ್ನು ಕಂಡವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಈತ ಹೋಮಿಯೋಪಥಿ ವೈದ್ಯ. ಆ ಕಾರಣಕ್ಕೇ ದೊಡ್ಡ ವೈದ್ಯರ ವಲಯದಲ್ಲಿ ಹೆಚ್ಚಿನ ಮನ್ನಣೆ ಇದ್ದವನಲ್ಲ. ಈತನೂ ಬೇಸಗೆಯ ನೆಗಡಿಯಿಂದ ನರಳಿದವನೇ. ನನಗೆ ಈ ಮನುಷ್ಯನ ಮೇಲೆ ವಿಶೇಷವಾದ ಮಮತೆ. ಹುಲ್ಲಿನ ಪರಾಗವನ್ನು ಶೇಖರಿಸಿಟ್ಟುಕೊಂಡು, ಹುಲ್ಲು ಹೂಬಿಡದ ಕಾಲದಲ್ಲಿ, ಅಂದರೆ ತಾನು ಆರೋಗ್ಯವಾಗಿರುವ ದಿನಗಳಲ್ಲೇ, ಅದನ್ನು ಮೂಗಿಗೆ ಏರಿಸಿಕೊಂಡ, ಕಣ್ಣಿಗೆ ಹಚ್ಚಿಕೊಂಡ, ತೋಳಿನ ಚರ್ಮವನ್ನು ಗೀರಿ ಅಲ್ಲಿ ಲೇಪಿಸಿಕೊಂಡ. ಪ್ರತಿ ಸಲವೂ ಪರಾಗ ತಾಗಿದ ಜಾಗದಲ್ಲೇ ಬೇಸಗೆಯ ರೋಗ ಅಕಾಲದಲ್ಲಿ ಎದ್ದಿತು. ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲವೆಂದು ತೋರಿಸಲು ಇನ್ನೇನು ಬೇಕು? ಆದರೂ ಆತ ನಿಲ್ಲಲಿಲ್ಲ. ಅಂಟು ಸವರಿದ ಗಾಜಿನ ಫಲಕಗಳನ್ನು ಗಾಳಿಗೊಡ್ಡಿ, ಅವುಗಳ ಮೇಲೆ ಬಂದು ಕೂತ ಪರಾಗದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ದಿನದಿನವೂ ಎಣಿಸಿದ. ಆ ಎಣಿಕೆಯನ್ನು ತನ್ನ ಸೀನುಗಳ ಏರಿಳಿತದೊಡನೆ ತಾಳೆ ನೋಡಿದ. ಫಲಕಗಳನ್ನು ಗಾಳಿಪಟಕ್ಕೆ ಕಟ್ಟಿ ಸಾವಿರ ಅಡಿಗೂ ಮೇಲಕ್ಕೆ ಹಾರಿಸಿ, ಅಷ್ಟು ಎತ್ತರದಲ್ಲೂ ಪರಾಗ ತೇಲುತ್ತಿರುತ್ತದೆಂದು ಸಾಧಿಸಿದ. ಗಂಭೀರ ವೈದ್ಯನೊಬ್ಬ ಊರ ಹೊರಗೆ ನಿಂತು ಗಾಳಿಪಟ ಹಾರಿಸುತ್ತಿದ್ದುದನ್ನು ನೆರೆಹೊರೆಯವರು ಹೇಗೆ ಅರ್ಥ ಮಾಡಿಕೊಂಡರೋ! 1873ರಲ್ಲಿ ಆತನ ಗ್ರಂಥ ಪ್ರಕಟವಾಯಿತು. ಅದನ್ನು ಓದಿ ಬ್ಲ್ಯಾಕ್ಲಿಗೆ ಕಾಗದ ಬರೆದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬ.

ಬೆಡಗಿನ ಹೂವನ್ನು ದೂರುವುದು ನಮ್ಮಲ್ಲಿ ವಾಡಿಕೆ. ಗುಲ್‌ಮೊಹರ್ ಅರಳಿತು, ಸೀನು ಬಂತು ಎನ್ನುತ್ತೇವೆ. ಕಣ್ಸೆಳೆಯುವ ಹೂಗಳ ಪರಾಗ ಸಾಮಾನ್ಯವಾಗಿ ತೂಕದ್ದು, ಅಂಟಿನದ್ದು. ಜೇನೋ ದುಂಬಿಯೋ ಹಕ್ಕಿಯೋ ಹೊತ್ತು ಒಯ್ಯಲೆಂದು ಇರುವಂಥದ್ದು. ಗಾಳಿಯನ್ನೇ ನಂಬಿದ ಹುಲ್ಲು, ಕಳೆ, ಕೆಲವು ಮರಗಳು ಬಣ್ಣಕ್ಕೆ ವೆಚ್ಚ ಮಾಡದೆ ಪರಾಗವನ್ನು ಲೆಕ್ಕವಿಲ್ಲದಷ್ಟು ತೂರುತ್ತವೆ. ನಮ್ಮ ಕಣ್ಣಿಗೆ ಬೀಳದ ಹೂವೇ ನಮ್ಮ ಕಣ್ಣಿಗೆ ಬೀಳುವುದು.

ಶತ್ರು ಯಾರೆಂದು ಗೊತ್ತಾಯಿತು. ಇನ್ನು ತಡೆಯುವ ಬಗೆ. ಮೊದಲ ತಡೆಹನಿಯನ್ನು ತಯಾರಿಸಿದವನು ಹ್ಯಾಂಬರ್ಗ್ ನಗರದ ಆರೋಗ್ಯ ಸಂಸ್ಥೆಯ ನಿರ್ದೇಶಕ ವಿಲಿಯಂ ಡನ್‌ಬಾರ್. ಗಂಟಲಮಾರಿಗೆ ಕುದುರೆಯ ರಕ್ತದಿಂದ ಪ್ರತಿವಿಷ ತೆಗೆಯುತ್ತಿದ್ದ ಕಾಲ ಅದು. ಪರಾಗದಲ್ಲೂ ಅಂಥದೇ ಒಂದು ವಿಷವಿದೆಯೆಂದು ಡನ್‌ಬಾರ್ ತರ್ಕಿಸಿದ. ಕುದುರೆಗಳಿಗೆ ಪರಾಗದ ಸತ್ವವನ್ನು ಚುಚ್ಚಿ, ಅವುಗಳ ರಕ್ತದ ದ್ರವದಿಂದ ಮದ್ದು ಸಿದ್ಧಪಡಿಸಿ ಅದಕ್ಕೆ ‘ಪೊಲ್ಯಾಂಟಿನ್’ ಎಂದು ಹೆಸರಿಟ್ಟ. 1903ರ ಹೊತ್ತಿಗೆ ಅದು ಬಳಕೆಗೆ ಬಂತು: ಕಣ್ಣಿಗೆ ಹನಿ, ಮೂಗಿಗೆ ನಸ್ಯದಂಥ ಪುಡಿ. ಕೆಲವರಿಗೆ ಹಿತವೆನಿಸಿತು, ಕೆಲವರಿಗೆ ಪರಾಗದ ಜೊತೆಗೆ ಕುದುರೆಯೂ ಒಗ್ಗದಂತಾಯಿತು! ಪರಾಗದಲ್ಲಿ ವಿಷವಿದೆಯೆಂಬ ಕಲ್ಪನೆಯೇ ತಪ್ಪು. ಪರಾಗ ನಿರಪರಾಧಿ, ಅದನ್ನು ಕಂಡು ಬೆದರಿ ಯುದ್ಧ ಸಾರುವುದು ನಮ್ಮದೇ ದೇಹ. 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ದೇಹದ ಈ ಮಾರ್ಪಟ್ಟ ವರ್ತನೆಗೆ ಗ್ರೀಕಿನಿಂದ ಒಂದು ಪದವನ್ನು ಕಟ್ಟಿದ. ಅದೇ ‘ಅಲರ್ಜಿ’. ‘ಒಗ್ಗದಿಕೆ’ ಎಂಬ ನಮ್ಮ ಮಾತು ಅದಕ್ಕಿಂತ ನೇರವಾದುದೆಂದು ನನ್ನ ಎಣಿಕೆ. ಆದರೆ ಔಷಧದಂಗಡಿಯಲ್ಲಿ ಅದು ನಡೆಯುವುದಿಲ್ಲ.

ಮತ್ತೊಂದು ದಾರಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಿಂದ ಹೊರಟಿತು. ಅಲ್ಲಿನ ಲೆನರ್ಡ್ ನೂನ್ ಎಂಬ ತರುಣ 1911ರಲ್ಲಿ, ಪರಾಗದ ಸತ್ವವನ್ನೇ ತೀರ ಅಲ್ಪ ಪ್ರಮಾಣದಿಂದ ಮೊದಲುಮಾಡಿ ಮೆಲ್ಲಮೆಲ್ಲನೆ ಏರಿಸುತ್ತ ಚುಚ್ಚಿ ದೇಹವನ್ನು ಪಳಗಿಸಬಹುದೆಂದು ಬರೆದ. ರೋಗಿ ಎಷ್ಟು ಪಳಗಿದನೆಂದು ಅಳೆಯಲು ಆತ ಬಳಸಿದ್ದು ಕಣ್ಣನ್ನೇ: ಬಲ ಏರಿಸಿದ ಪರಾಗದ ಹನಿಗಳನ್ನು ಒಂದೊಂದಾಗಿ ಹಾಕಿ, ಯಾವುದಕ್ಕೆ ಕಣ್ಣು ಕೆಂಪಾಗುವುದೆಂದು ನೋಡುವುದು. ಎರಡು ವರ್ಷದಲ್ಲಿ ನೂನ್ ಕ್ಷಯಕ್ಕೆ ತುತ್ತಾದ. ಸಹೋದ್ಯೋಗಿ ಜಾನ್ ಫ್ರೀಮನ್ ಆ ಕೆಲಸವನ್ನು ಮುಂದುವರಿಸಿದ. ಈ ಚಿಕಿತ್ಸೆ ಇಂದಿಗೂ ಇದೆ, ಚುಚ್ಚುಮದ್ದಾಗಿಯೂ ನಾಲಗೆಯ ಕೆಳಗಿನ ಹನಿಯಾಗಿಯೂ. ಆದರೆ ಅದಕ್ಕೆ ವರ್ಷಗಟ್ಟಲೆಯ ತಾಳ್ಮೆ ಬೇಕು.

ತಾಳ್ಮೆಯಿಲ್ಲದವರಿಗೆ ಬೇರೆ ಹನಿಗಳು ಬಂದವು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಡ್ರಿನಲಿನ್. 1920ರ ದಶಕದಲ್ಲಿ, ಚೀನದ ‘ಮಾ ಹುವಾಂಗ್’ ಎಂಬ ಹಳೆಯ ಮೂಲಿಕೆಯಿಂದ ತೆಗೆದ ಎಫೆಡ್ರಿನ್. ಬಳಿಕ ಅದರ ಬಂಧುಗಳು. ಊದಿದ ರಕ್ತನಾಳಗಳನ್ನು ಹಿಂಡಿ, ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಹನಿಗಳಿವು. ಇವುಗಳ ಉಪಕಾರ ಕೂಡಲೇ ಗೊತ್ತಾಗುತ್ತದೆ, ಅಪಕಾರ ತಡವಾಗಿ. ಕೆಲವು ದಿನ ಬಿಡದೆ ಹಾಕಿದರೆ ಮೂಗು ಆ ಹನಿಯಿಲ್ಲದೆ ತೆರೆಯುವುದಿಲ್ಲ, ಮದ್ದೇ ರೋಗವಾಗುತ್ತದೆ. ನನ್ನ ಹಿರಿಯ ಮಿತ್ರರೊಬ್ಬರು, ನಿವೃತ್ತ ಉಪಾಧ್ಯಾಯರು, ಹಿಂದಿನವರು ನಶ್ಯದ ಡಬ್ಬಿಯನ್ನು ಇಟ್ಟುಕೊಳ್ಳುತ್ತಿದ್ದಂತೆ ಅಂಥದೊಂದು ಸೀಸೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ತಿರುಗಾಡಿದರು. ತಡೆಯುವ ಹನಿಯನ್ನು ವೈದ್ಯರು ಬರೆದುಕೊಟ್ಟಾಗ ಎರಡೇ ದಿನ ಹಾಕಿ, “ಇದರಲ್ಲಿ ಏನೂ ಇಲ್ಲ, ಬರಿಯ ನೀರು” ಎಂದು ಬದಿಗಿಟ್ಟರು. ಅವರನ್ನು ಆಕ್ಷೇಪಿಸಲಾರೆ. ಮದ್ದೆಂದರೆ ಉರಿಯಬೇಕು, ಕಹಿಯಾಗಬೇಕು, ತಕ್ಷಣ ಏನಾದರೂ ಮಾಡಬೇಕು ಎಂಬುದು ನಾವೆಲ್ಲ ಕಲಿತುಬಂದ ನಂಬಿಕೆ.

ಮಿತ್ರರು ಬದಿಗಿಟ್ಟ ಆ ಹನಿಯ ಹೆಸರು ಸೋಡಿಯಂ ಕ್ರೋಮೋಗ್ಲೈಕೇಟ್. ಅದರ ಕಥೆ ಹುಟ್ಟುವುದು ಈಜಿಪ್ಟಿನ ಹೊಲಗಳಲ್ಲಿ. ನಮ್ಮ ಜೀರಿಗೆ, ಕೊತ್ತಂಬರಿಗಳ ಕುಟುಂಬಕ್ಕೆ ಸೇರಿದ ‘ಖೆಲ್ಲಾ’ ಎಂಬ ಗಿಡ ಅಲ್ಲಿದೆ. ಅದರ ಒಣಗಿದ ಹೂಗೊಂಚಲಿನ ಕಡ್ಡಿಗಳನ್ನು ಹಲ್ಲುಕಡ್ಡಿಯಾಗಿ ಮಾರುತ್ತಾರೆ; ಬೀಜದ ಕಷಾಯವನ್ನು ಮೂತ್ರಕೋಶದ ಕಲ್ಲಿನ ನೋವಿಗೆ ಕುಡಿಯುತ್ತಾರೆ. 1940ರ ದಶಕದಲ್ಲಿ ಕೈರೋದಲ್ಲಿದ್ದ ಗ್ಲೆಬ್ ಆನ್ರೆಪ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯ ಸಹಾಯಕನೊಬ್ಬ ಕಲ್ಲಿನ ನೋವಿಗೆಂದು ಈ ಕಷಾಯ ಕುಡಿದಾಗ ಅವನ ಎದೆನೋವೂ ಇಳಿಯಿತು. ಅಲ್ಲಿಂದ ಖೆಲ್ಲಾದ ಸತ್ವವಾದ ‘ಖೆಲ್ಲಿನ್’ ವಿಜ್ಞಾನಿಗಳ ಗಮನಕ್ಕೆ ಬಂತು. ಬಿಗಿದ ಸ್ನಾಯುಗಳನ್ನು ಅದು ಸಡಿಲಿಸುತ್ತದೆ. ಆದರೆ ವಾಕರಿಕೆಯನ್ನೂ ತರುತ್ತದೆ. ವಾಕರಿಕೆ ಬಿಟ್ಟು ಗುಣವನ್ನಷ್ಟೇ ಉಳಿಸಿಕೊಂಡರೆ ಉಬ್ಬಸಕ್ಕೆ ಒಂದು ಮದ್ದಾದೀತೇ ಎಂದು ಇಂಗ್ಲೆಂಡಿನ ಚೆಷೈರ್ ಪ್ರಾಂತದ ಬೆಂಗರ್ ಪ್ರಯೋಗಶಾಲೆಯಲ್ಲಿ, ಮುಂದೆ ಫೈಸನ್ಸ್ ಕಂಪನಿಯ ಹೆಸರಿನಲ್ಲಿ, ಸಂಶೋಧನೆ ನಡೆಯಿತು. 1950ರ ದಶಕದ ಉತ್ತರಾರ್ಧದಲ್ಲಿ ಅಲ್ಲಿಗೆ ಬಂದು ಸೇರಿದವನು ರೋಜರ್ ಅಲ್ಟೂನ್ಯನ್.

ಸಾಹಿತ್ಯಪ್ರಿಯರು ಈ ರೋಜರನನ್ನು ಬೇರೊಂದು ಕಡೆ ಕಂಡಿರಬಹುದು. ಈತ 1922ರಲ್ಲಿ ಸಿರಿಯಾದ ಅಲೆಪ್ಪೊ ನಗರದಲ್ಲಿ ಹುಟ್ಟಿದ. ತಂದೆಯ ಕಡೆಯಿಂದ ಆರ್ಮೇನಿಯನ್ ವೈದ್ಯರ ಮನೆತನ. ಅಜ್ಜನೂ ತಂದೆಯೂ ಆ ಊರಿನಲ್ಲಿ ಹೆಸರಾದ ಆಸ್ಪತ್ರೆಯೊಂದನ್ನು ನಡೆಸಿದವರು. ತಾಯಿಯ ತಂದೆ, ರಸ್ಕಿನ್ನನ ಕಾರ್ಯದರ್ಶಿಯೂ ಚರಿತ್ರಕಾರನೂ ಆಗಿದ್ದ ಕಾಲಿಂಗ್‌ವುಡ್. 1928ರಲ್ಲಿ ಮಕ್ಕಳು ಅಜ್ಜನ ಊರಾದ ಕಾನಿಸ್ಟನ್ ಸರೋವರದ ದಡಕ್ಕೆ ಬಂದಾಗ ಮನೆಯ ಮಿತ್ರನಾಗಿದ್ದ ಲೇಖಕ ಆರ್ಥರ್ ರ‍್ಯಾನ್ಸಮ್ ಅವರಿಗೆ ಹಾಯಿದೋಣಿ ನಡೆಸುವುದನ್ನು ಕಲಿಸಿದ. ಆ ಬೇಸಗೆಯೇ ಎರಡು ವರ್ಷದ ಬಳಿಕ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ ಎಂಬ ಮಕ್ಕಳ ಕಾದಂಬರಿಯಾಯಿತು. ಅದರ ಆರಂಭದಲ್ಲೇ, ಎದುರುಗಾಳಿಗೆ ಸಾಗುವ ಹಾಯಿಹಡಗು ತಾನೆಂದುಕೊಂಡು ಇಳಿಜಾರಿನ ಹುಲ್ಲುಗಾವಲಿನಲ್ಲಿ ಅಡ್ಡಾದಿಡ್ಡಿ ಓಡುತ್ತ ಏರಿಬರುವ ಏಳು ವರ್ಷದ ಹುಡುಗನಿದ್ದಾನಲ್ಲ, ಅವನಿಗೆ ಹೆಸರು ಕೊಟ್ಟವನೇ ಈ ರೋಜರ್.

ಬೆಳೆದ ರೋಜರ್ ಯುದ್ಧಕಾಲದಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಶಿಕ್ಷಕನಾದ. ಬಳಿಕ ವೈದ್ಯನಾಗಿ ಅಲೆಪ್ಪೊದ ಮನೆತನದ ಆಸ್ಪತ್ರೆಗೆ ಹಿಂದಿರುಗಿದ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟು ಆ ನೆಲದಿಂದ ಅವನನ್ನು ಎಬ್ಬಿಸಿತು. ಇಂಗ್ಲೆಂಡಿಗೆ ಬಂದವನ ಬಳಿ ಇದ್ದುದು ವೈದ್ಯಪದವಿ ಮತ್ತು ಉಬ್ಬಸ.

ಔಷಧಗಳನ್ನು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಕ್ರಮ. ಅಲರ್ಜಿಯ ಪ್ರಯೋಗಗಳಿಗೆ ಆಗ ಬಳಸುತ್ತಿದ್ದುದು ಗಿನಿ ಹಂದಿಯನ್ನು. ಹೆಸರಿಗೆ ಹಂದಿ, ಜಾತಿಯಲ್ಲಿ ಇಲಿಯ ಬಂಧು. ಖೆಲ್ಲಿನ್ನಿನಿಂದ ಮಾಡಿದ ಹೊಸ ಸಂಯುಕ್ತಗಳು ಗಿನಿ ಹಂದಿಗಳಲ್ಲಿ ಯಾವ ಪರಿಣಾಮವನ್ನೂ ತೋರಲಿಲ್ಲ. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಅಲ್ಟೂನ್ಯನ್‌ಗೆ ಅದೇ ಗಿನಿ ಹಂದಿಯ ಕೂದಲಿನ ಹೊಟ್ಟು ಒಗ್ಗದು. ಸೋಕಿದರೆ ಉಸಿರು ಕಟ್ಟುತ್ತಿತ್ತು. ಆತ ಆ ಕೂದಲನ್ನು ನೀರಿನಲ್ಲಿ ನೆನೆಯಿಸಿ ಒಂದು ಸಾರು ಮಾಡಿದ. ಮೊದಲು ಪರೀಕ್ಷೆಯ ಮದ್ದನ್ನು ಉಸಿರಿನೊಡನೆ ಎಳೆದುಕೊಳ್ಳುವುದು, ಅನಂತರ ಸಾರಿನ ತುಂತುರನ್ನು ಎಳೆದುಕೊಳ್ಳುವುದು, ಬಳಿಕ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಊದಬಲ್ಲೆನೆಂದು ಅಳೆಯುವುದು. ಹೀಗೆ ಎಂಟು ವರ್ಷಗಳಷ್ಟು ಕಾಲ, ನೂರಾರು ಸಲ, ಆ ಮನುಷ್ಯ ಬೇಕೆಂದೇ ತನ್ನ ಉಸಿರನ್ನು ತಾನೇ ಕಟ್ಟಿಸಿಕೊಂಡ. ಪ್ರಾಣಿಪರೀಕ್ಷೆಗೆ ನಿಲುಕದ ಈ ಕೆಲಸದಲ್ಲಿ ಕಂಪನಿಗೂ ಉತ್ಸಾಹ ಉಳಿದಿರಲಿಲ್ಲ. ಒಂದು ಹಂತದಲ್ಲಿ ಬಿಡುವಿನ ಹೊತ್ತಿನಲ್ಲಿ, ಒಪ್ಪಿದ ಕೆಲವೇ ಸಹೋದ್ಯೋಗಿಗಳ ನೆರವಿನಿಂದ ಅದು ಸಾಗಬೇಕಾಯಿತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಕಟ್ಟಿದ ಉಸಿರನ್ನು ಬಿಡಿಸುವ ಮದ್ದನ್ನು ಹುಡುಕುವವನು ಮೊದಲು ಉಸಿರು ಕಟ್ಟಿಸಿ, ಅನಂತರ ಮದ್ದು ಕೊಟ್ಟು ನೋಡುತ್ತಾನೆ. ಆ ಕ್ರಮದಲ್ಲಿ ಹೋಗಿದ್ದರೆ ಈ ಸಂಯುಕ್ತಗಳೆಲ್ಲ ನಿಷ್ಪ್ರಯೋಜಕವೆಂದು ಕಸದ ಬುಟ್ಟಿಗೆ ಬೀಳುತ್ತಿದ್ದವು. ಅವು ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ಮೊದಲೇ ಒಳಗಿದ್ದರೆ ಉಸಿರು ಕಟ್ಟಲು ಬಿಡುವುದಿಲ್ಲ. ಮದ್ದು ಮುಂದೆ, ಸಾರು ಹಿಂದೆ ಎಂಬ ಈ ಸರದಿಯಲ್ಲೇ ಶೋಧದ ಗುಟ್ಟಿತ್ತು. ತನ್ನ ಮೇಲೆಯೇ ಇಂಥ ಪ್ರಯೋಗ ಮಾಡಿಕೊಳ್ಳುವುದನ್ನು ಇಂದಿನ ನೀತಿಸಂಹಿತೆಗಳು ಸುಲಭವಾಗಿ ಒಪ್ಪಲಾರವು. ನನಗೂ ಅದನ್ನು ಕೊಂಡಾಡಲು ಮನಸ್ಸಿಲ್ಲ. ಆದರೆ ಗಿನಿ ಹಂದಿ ಹೇಳಲಾರದುದನ್ನು ಹೇಳಬಲ್ಲ ಶ್ವಾಸಕೋಶ ಆ ಪ್ರಯೋಗಶಾಲೆಯಲ್ಲಿ ಅದೊಂದೇ ಇತ್ತು.

1965ರಲ್ಲಿ ಎಫ್‌ಪಿಎಲ್ 670 ಎಂಬ ಅಂಕಿತದ ಸಂಯುಕ್ತ ಸಿದ್ಧವಾಯಿತು. ಅದೇ ಕ್ರೋಮೋಗ್ಲೈಕೇಟ್. ಕೆಲವು ಗಂಟೆಗಳ ಕಾಲ ಅದರ ಕಾವಲು ನಿಲ್ಲುತ್ತಿತ್ತು. 1967ರಲ್ಲಿ ಹೊವೆಲ್ ಎಂಬ ವೈದ್ಯನೊಡನೆ ಅಲ್ಟೂನ್ಯನ್ ರೋಗಿಗಳ ಮೇಲಿನ ಪರೀಕ್ಷೆಯ ಫಲವನ್ನು ಪ್ರಕಟಿಸಿದ; ಮರುವರ್ಷ ಮದ್ದು ‘ಇಂಟಾಲ್’ ಎಂಬ ಹೆಸರಿನಿಂದ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ನುಂಗಿದರೆ ಇದು ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲವೆನ್ನಬಹುದು. ಬಾಧೆಯಾಗುವ ಜಾಗಕ್ಕೇ ಒಯ್ದು ಮುಟ್ಟಿಸಬೇಕು. ಶ್ವಾಸಕೋಶಕ್ಕೆ ನವಿರಾದ ಪುಡಿಯಾಗಿ ಕಳಿಸಲು, ಉಸಿರೆಳೆದಾಗ ತಿರುಗುವ ಪುಟ್ಟ ಪಂಖದ ಯಂತ್ರವೊಂದನ್ನು ಈ ಹಳೆಯ ವಿಮಾನ ಶಿಕ್ಷಕನೇ ಕಲ್ಪಿಸಿದ. ಕಣ್ಣಿಗೂ ಮೂಗಿಗೂ ಅಷ್ಟು ಸಾಹಸ ಬೇಡ. ನೂರಕ್ಕೆ 2ರ ಬಲದ ದ್ರಾವಣ ಸಾಕು. 1970ರ ದಶಕದಲ್ಲಿ ಇಂಟಾಲಿನ ಬೆನ್ನಿಗೇ ಮೂಗಿನ ಹನಿ, ಕಣ್ಣಿನ ಹನಿಗಳು ಬಂದವು. ಬಾಸ್ಟಾಕ್‌ನ ಪ್ರಬಂಧಕ್ಕೂ ಆ ಹನಿಗೂ ನಡುವೆ ಒಂದೂವರೆ ಶತಮಾನ.

ಈ ಹನಿ ಒಳಗೆ ಮಾಡುವುದೇನು? 1878ರಲ್ಲಿ ಪಾಲ್ ಎರ್ಲಿಷ್ ಎಂಬ ಜರ್ಮನ್ ವಿದ್ಯಾರ್ಥಿ ತನ್ನ ಪದವಿಯ ಪ್ರಬಂಧಕ್ಕಾಗಿ ಅಂಗಾಂಶಗಳಿಗೆ ಬಣ್ಣ ಹಾಕಿ ನೋಡುತ್ತಿದ್ದಾಗ, ಮೈತುಂಬ ಕಾಳು ತುಂಬಿಕೊಂಡ ಕೆಲವು ಕೋಶಗಳನ್ನು ಕಂಡ. ತಿಂದು ಕೊಬ್ಬಿದವು ಎಂಬ ಅರ್ಥದಲ್ಲಿ ಅವನ್ನು ‘ಮಾಸ್ಟ್’ ಕೋಶಗಳೆಂದ. ಆ ಕಾಳುಗಳಲ್ಲಿ ಇದ್ದುದು ಅನ್ನವಲ್ಲ, ಮದ್ದುಗುಂಡು. ಅದರಲ್ಲಿ ಹಿಸ್ಟಮಿನ್ ತುಂಬಿದೆಯೆಂದು ರೈಲಿ, ವೆಸ್ಟ್ ಎಂಬಿಬ್ಬರು 1953ರಲ್ಲಿ ತೋರಿಸಿದರು. ಕಣ್ಣಿನ ಪೊರೆಯಲ್ಲಿ, ಮೂಗಿನ ಒಳಪದರದಲ್ಲಿ ಈ ಕೋಶಗಳು ಕಾವಲಿಗೆ ಕುಳಿತಿರುತ್ತವೆ. ಪರಾಗ ಸೋಕಿದೊಡನೆ ಸಿಡಿದು ಹಿಸ್ಟಮಿನ್ ಚೆಲ್ಲುತ್ತವೆ; ತುರಿಕೆ, ನೀರು, ಸೀನು ಅದರ ಫಲ. ಚೆಲ್ಲಿದ ಮೇಲೆ ಹಿಸ್ಟಮಿನ್ನಿಗೆ ಅಡ್ಡ ನಿಲ್ಲುವ ಮಾತ್ರೆಗಳು ಬೇರೆ. ಕ್ರೋಮೋಗ್ಲೈಕೇಟ್ ಕೋಶವನ್ನು ಸಿಡಿಯದಂತೆ ಸಮಾಧಾನದಲ್ಲಿ ಇಡುತ್ತದೆ. ಅದು ಹೇಗೆ ಇಡುತ್ತದೆಂಬ ವಿಷಯದಲ್ಲಿ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ.

ಅಲ್ಟೂನ್ಯನ್ 1987ರ ಡಿಸೆಂಬರಿನಲ್ಲಿ, 65ನೆಯ ವಯಸ್ಸಿನಲ್ಲಿ ತೀರಿಕೊಂಡ. ಆತನ ಹನಿಯ ವೈಭವದ ಕಾಲವೂ ಕಳೆದಿದೆ. ಮೂಗಿಗೆ ಇಂದು ವೈದ್ಯರು ಮೊದಲು ಬರೆಯುವುದು ಸ್ಟಿರಾಯ್ಡಿನ ತುಂತುರನ್ನು. ಅದೂ ದಿನವೂ ಬಿಡದೆ ಬಳಸಿದರೇ ಫಲ ಕೊಡುವಂಥದ್ದು. ಕಣ್ಣಿಗೆ, ಹಿಸ್ಟಮಿನ್ನನ್ನೂ ತಡೆದು ಕೋಶವನ್ನೂ ಸಂತೈಸುವ ಓಲೋಪಟಡಿನ್, ಕೀಟೋಟಿಫೆನ್‌ನಂಥ ಹನಿಗಳು ಬಂದಿವೆ. ದಿನಕ್ಕೆ ನಾಲ್ಕು ಸಲದ ಬದಲು ಒಂದೆರಡು ಸಲ ಹಾಕಿದರೆ ಸಾಕು. ಹಳೆಯ ಹನಿ ಅಳಿದಿಲ್ಲ. ಅಗ್ಗದ್ದು, ನಿರಪಾಯದ್ದು ಎಂಬ ಕಾರಣಕ್ಕೆ ಮಕ್ಕಳ ಕಣ್ಣಿಗೆ ಇಂದಿಗೂ ಬರೆಯುವವರಿದ್ದಾರೆ.

ತಡೆಯುವ ಮದ್ದಿಗೆ ಪಂಚಾಂಗ ಬೇಕು. ಇದು ನಮ್ಮ ಹಿಂದಿನವರಿಗೆ ತಿಳಿಯದ ಮಾತಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಣುತೈಲವೆಂಬ ಮೂಗಿನ ಹನಿಯನ್ನು ಹೇಳುವಾಗ, ಪ್ರತಿ ವರ್ಷ ಮಳೆಗಾಲದ ಮೊದಲಲ್ಲಿ, ಶರತ್ತಿನಲ್ಲಿ, ವಸಂತದಲ್ಲಿ, ಆಕಾಶ ನಿರ್ಮಲವಾಗಿರುವಾಗ ಬಳಸಬೇಕೆಂದು ವಿಧಿಸಿದೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಆ ತೈಲಕ್ಕೂ ಈ ರಸಾಯನಕ್ಕೂ ನಂಟಿಲ್ಲ. ಆದರೆ ಆರೋಗ್ಯವಂತನ ಮೂಗಿಗೆ ಋತು ನೋಡಿ ಹನಿ ಹಾಕಬೇಕೆಂಬ ಯೋಚನೆ ಹಳೆಯದು. ಇಂಗ್ಲೆಂಡಿನಲ್ಲಿ ಆ ಪಂಚಾಂಗ ಸುಲಭ. ಹುಲ್ಲಿನ ಪರಾಗ ಮೇ ತಿಂಗಳಲ್ಲಿ ಏಳುತ್ತದೆ, ಜುಲೈ ಕಳೆಯುವಷ್ಟರಲ್ಲಿ ಅಡಗುತ್ತದೆ. ಒಂದೆರಡು ವಾರ ಮೊದಲೇ ಹನಿ ಆರಂಭಿಸಿದರಾಯಿತು.

ನಮ್ಮ ಬೆಂಗಳೂರಿನ ಪಾಡು ಬೇರೆ. 1950ರ ದಶಕದ ಮಧ್ಯದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಪಾರ್ಥೇನಿಯಂ, ನಮ್ಮ ಜನ ಕಾಂಗ್ರೆಸ್ ಗಿಡವೆಂದು ಕರೆಯುವ ಕಳೆ, ಇಲ್ಲಿಯ ಖಾಲಿ ನಿವೇಶನಗಳನ್ನೂ ರೈಲುಹಳಿಯ ಅಂಚುಗಳನ್ನೂ ತನ್ನದಾಗಿಸಿಕೊಂಡು ದಶಕಗಳೇ ಆಗಿವೆ. ಅದರ ಪರಾಗ ಮೂಗಿನ ಅಲರ್ಜಿಯನ್ನು ತರುತ್ತದೆಂದು ಇಲ್ಲಿ ನಡೆದ ಅಧ್ಯಯನಗಳೇ ತೋರಿಸಿವೆ. ತೇವ ಸಿಕ್ಕಿದರೆ ಸಾಕು, ಅದು ವರ್ಷದಲ್ಲಿ ಯಾವಾಗ ಬೇಕಾದರೂ ಮೊಳೆತು, ಒಂದೆರಡು ತಿಂಗಳಲ್ಲಿ ಬಿಳಿಯ ಹೂ ತಲೆಗೇರಿಸಿಕೊಂಡು ನಿಲ್ಲುತ್ತದೆ. ನಮ್ಮ ಬೀದಿಯ ಕೊನೆಯ ನಿವೇಶನದಲ್ಲಿ ಮೊನ್ನೆಯ ಮಳೆಗೆ ಅದರ ಹೊಸ ಸಸಿಗಳೆದ್ದಿವೆ. ಕಳೆದ ಬೆಳೆಯ ಗಿಡಗಳು ಪಕ್ಕದಲ್ಲೇ ಇನ್ನೂ ಹೂಬಿಟ್ಟು ನಿಂತಿವೆ.